ಒಂದೇ ಕಾಲಂಗೆ ಹಿಡಿಸದ ಹಿಂದೂಪುರ

ಆಂಧ್ರದ ಗಡಿಯೂರು ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆಯಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಗಡಿಯಾಚೆಯ ರೈತನೊಡನೆ ಕನ್ನಡದಲ್ಲಿ ದರ ಮಾತಾಡಿದ ದಲ್ಲಾಳಿಯೇ ಹಮಾಲಿಯನ್ನು ತೆಲುಗಿನಲ್ಲಿ ಕರೆಯುತ್ತಾರೆ, ಪಕ್ಕದ ಅಂಗಡಿಯವರೊಡನೆ ಉರ್ದುವಿಗೆ ಹೊರಳುತ್ತಾರೆ. 2011ರ ಜನಗಣತಿಯಲ್ಲಿ ಮಾತೃಭಾಷೆಯ ಕಾಲಂ ಮಾತ್ರ ಒಂದೇ. ತಾಯಿಯದು ಕನ್ನಡ, ತಂದೆಯದು ತೆಲುಗು ಆಗಿರುವ ಮನೆಯ ಮಗು ಏನು ಬರೆಸಬೇಕು?

ಅಂಕಿಸಂಖ್ಯೆ ಕಲಿಸುವುದನ್ನು ಈ ಪ್ರಶ್ನೆಯಿಂದಲೇ ಶುರುಮಾಡಬೇಕು ಅನ್ನಿಸುತ್ತದೆ ನನಗೆ. ಏಕೆಂದರೆ ದೊಡ್ಡ ದೊಡ್ಡ ಪೂರ್ವಗ್ರಹಗಳೂ ಹೀಗೆ ಒಂದು ಕಾಲಂನಲ್ಲೇ ಹುಟ್ಟುತ್ತವೆ. ಅಮೆರಿಕದಲ್ಲಿ ‘ಏಷ್ಯನ್’ ಎಂದರೆ ಅನುಕೂಲಸ್ಥರು, ಹುಟ್ಟಿನಿಂದಲೇ ಲೆಕ್ಕದಲ್ಲಿ ಜಾಣರು ಎಂಬ ಮಾತಿದೆ. 2019ರಲ್ಲಿ ಅಲ್ಲಿನ ಭಾರತೀಯ ಕುಟುಂಬಗಳ ವಾರ್ಷಿಕ ಆದಾಯದ ಮಧ್ಯಾಂಕ ಸುಮಾರು 1,19,000 ಡಾಲರ್; ಬರ್ಮಾ ಮೂಲದವರದು 44,000ದ ಆಸುಪಾಸು. ಇಬ್ಬರೂ ‘ಏಷ್ಯನ್’ ಪಟ್ಟಿಯಲ್ಲೇ ಇದ್ದಾರೆ.

ಇನ್ನು ಹುಟ್ಟಿನಿಂದ ಬರುವ ಜಾಣತನದ ಮಾತು. ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಹೂವಿನ ಹಡಗಲಿಯ ತೆಲುಗು ಕುಟುಂಬದಲ್ಲಿ. ಹಡಗಲಿ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಗಣಿತದಲ್ಲಿ ಎಂ.ಎ. ಮಾಡಿ ಕೆಲಸ ಹುಡುಕುತ್ತ ಕಲ್ಕತ್ತೆಗೆ ಹೋದ ಅವರಿಗೆ ಕೆಲಸ ಸಿಗಲಿಲ್ಲ. 1941ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ತರಬೇತಿಗೆ ಸೇರಿದರು. ನಾಲ್ಕೇ ವರ್ಷದಲ್ಲಿ, 1945ರ ಅವರ ಪ್ರಬಂಧ ಸಂಖ್ಯಾಶಾಸ್ತ್ರದ ದಾರಿಯನ್ನೇ ತಿದ್ದಿತು. ಆ ತರಬೇತಿಯ ಬಾಗಿಲು ತೆರೆದಿರದಿದ್ದರೆ ಎಂದು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ.

ಆ ಸಂಸ್ಥೆ ಕಟ್ಟಿದ ಮಹಾಲನೋಬಿಸ್ ಎದುರಿಸಿದ್ದೂ ಇಂಥದ್ದೇ ಪೂರ್ವಗ್ರಹವನ್ನು. ಬ್ರಿಟಿಷ್ ಅಧಿಕಾರಿ ರಿಸ್ಲೆ ಮೂಗಿನ ಅಗಲ ಅಳೆದು ಜಾತಿಗಳಿಗೆ ಮೇಲು ಕೀಳು ಕಟ್ಟಿದ್ದ. ಮಹಾಲನೋಬಿಸ್ ಅದೇ ಅಂಕಿಗಳನ್ನು ಮತ್ತೆ ಕೂಡಿ ಕಳೆದು, 1933ರಲ್ಲಿ ತಿದ್ದುಪಡಿ ಪ್ರಕಟಿಸಿದರು. 1936ರಲ್ಲಿ ಹಲವು ಅಳತೆಗಳನ್ನು ಅವುಗಳ ಪರಸ್ಪರ ನಂಟಿನೊಡನೆ ಒಟ್ಟಿಗೆ ನೋಡುವ ವಿಧಾನ ಕೊಟ್ಟರು. ಇಂದಿನ ಡೇಟಾ ಸೈನ್ಸ್ ತರಗತಿಗಳಲ್ಲಿ ಅದು ‘ಮಹಾಲನೋಬಿಸ್ ದೂರ’.

ಹಾಗಾಗಿ, ಇದೇ ಗಡಿಸೀಮೆಯ ಕಲ್ಯಾಣದುರ್ಗದ ಯಾವುದಾದರೂ ಸರ್ಕಾರಿ ಶಾಲೆಯಲ್ಲಿ ಮಕ್ಕಳೇ ತಮ್ಮ ಬೀದಿಯ ಗಣತಿ ಮಾಡಲಿ. ಅಜ್ಜಿಯ ಹತ್ತಿರ ಯಾವ ಮಾತು, ಶಾಲೆಯಲ್ಲಿ ಯಾವುದು, ಸಂತೆಯಲ್ಲಿ ಯಾವುದು, ಹೀಗೆ ಒಂದೊಂದಕ್ಕೂ ಒಂದು ಕಾಲಂ. ಎರಡು ಮಾತಾಡುವವರು ಎರಡು ಗೀಟು ಹಾಕಲಿ. ಆಮೇಲೆ ಅವರ ಮುಂದೆ ಅಮೆರಿಕದ ‘ಏಷ್ಯನ್’ ಪಟ್ಟಿ ಇಟ್ಟು, ಇದರಲ್ಲಿ ಯಾವ ಕಾಲಂ ಬಿಟ್ಟುಹೋಗಿದೆ ಎಂದು ಕೇಳಬೇಕು.