ಹಳೇ ಗೇಮಾ, ಹಳೇ ಥರದ ಹೊಸ ಗೇಮಾ?

ಬೇಸಿಗೆ ರಜೆ, ಅಜ್ಜಿ ಮನೆ ಟಿವಿ, ಊದಿ ಊದಿ ಹಾಕಿದ ಕ್ಯಾಸೆಟ್. ನಮ್ಮಲ್ಲಿ ಸುಮಾರು ಜನಕ್ಕೆ ವಿಡಿಯೋ ಗೇಮ್ ಅಂದ್ರೆ ಮೊದಲು ನೆನಪಾಗೋದು ಇದೇ. ಕ್ಯಾಸೆಟ್ ಮೇಲೆ ಸಾವಿರಾರು ಗೇಮ್ ಅಂತ ಬರೆದಿರುತ್ತಿತ್ತು. ಹಾಕಿ ನೋಡಿದರೆ ಮಾರಿಯೋ, ಕಾಂಟ್ರಾ ಅಂತ ಕೆಲವೇ ಗೇಮ್‌ಗಳು ಮತ್ತೆ ಮತ್ತೆ! ಆ ಪೆಟ್ಟಿಗೆಗಳಲ್ಲಿ ಬಹುಪಾಲು ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲುಗಳು.

ಅದೇ ಆಸೆಯಿಂದ ಈಗ ಲ್ಯಾಪ್‌ಟಾಪ್ ಮುಂದೆ ಕೂತರೆ ಹತ್ತು ನಿಮಿಷಕ್ಕೇ ‘ಸಾಕಪ್ಪ’ ಅನ್ನಿಸಬಹುದು. ಅದಕ್ಕೆ ಕಾರಣ ಇದೆ. ‘ಸೂಪರ್ ಮಾರಿಯೋ ಬ್ರದರ್ಸ್’ (1985) ಇಡೀ ಗೇಮ್ ಬರೀ 40 ಕಿಲೋಬೈಟ್. ವಾಟ್ಸಾಪ್‌ನಲ್ಲಿ ಬರುವ ಒಂದು ಫೋಟೋ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು. ಜಾಗ ಉಳಿಸೋಕೆ ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿ, ಬಣ್ಣ ಮಾತ್ರ ಬದಲಿಸಿದ್ದಾರೆ. ಇಷ್ಟು ಚಿಕ್ಕ ಗೇಮ್ ತಿಂಗಳುಗಟ್ಟಲೆ ಆಡಿಸಬೇಕಾದರೆ ಕಷ್ಟವಾಗಿರಲೇಬೇಕು. ಲೈಫ್ ಎಲ್ಲಾ ಮುಗಿದರೆ ಮತ್ತೆ ಮೊದಲಿಂದ ಶುರು. ರಜೆಯಲ್ಲಿ ನಮಗೆ ಸಮಯ ಇತ್ತು, ಈಗ ಇಲ್ಲ.

ರೆಟ್ರೋ ಶೈಲಿಯ ಹೊಸ ಗೇಮ್‌ಗಳು ಆ ಚಂದವನ್ನು ಇಟ್ಟುಕೊಂಡು ಈ ಶಿಕ್ಷೆಯನ್ನು ಕಡಿಮೆ ಮಾಡಿವೆ. ‘ಸೆಲೆಸ್ಟ್’ (2018) ನೋಡಿ. ಮಾರಿಯೋ ಥರ ಜಿಗಿಯುವ ಆಟವೇ, ಸುಲಭವೇನೂ ಅಲ್ಲ. ಆದರೆ ಸತ್ತರೆ ಅದೇ ಜಾಗದಿಂದ ತಕ್ಷಣ ಮತ್ತೆ ಶುರು. ಅಂಚು ದಾಟಿದ ಮೇಲೂ ಕ್ಷಣಮಾತ್ರ ಜಿಗಿಯೋಕೆ ಅವಕಾಶ ಕೊಡುತ್ತೆ. ನಮಗೆ ಗೊತ್ತೇ ಆಗಲ್ಲ. ತೀರಾ ಕಷ್ಟವಾದರೆ ಆಟದ ವೇಗವನ್ನೇ ಇಳಿಸಬಹುದು. ಆತಂಕದಿಂದ ಒದ್ದಾಡುವ ಹುಡುಗಿಯೊಬ್ಬಳು ಬೆಟ್ಟ ಹತ್ತುವ ಕಥೆ ಇದು. ಪರೀಕ್ಷೆ ಹೊತ್ತಲ್ಲಿ ಒಬ್ಬರೇ ರೂಮಲ್ಲಿ ಕೂತವರಿಗೆ ಬೇಗ ತಟ್ಟುತ್ತೆ.

ಇನ್ನೊಂದು ಜೋಡಿ ‘ಹಾರ್ವೆಸ್ಟ್ ಮೂನ್’ (1996) ಮತ್ತು ‘ಸ್ಟಾರ್‌ಡ್ಯೂ ವ್ಯಾಲಿ’ (2016). ಎರಡರಲ್ಲೂ ಪಾಳು ಬಿದ್ದ ಹೊಲವನ್ನು ಹಸನು ಮಾಡಬೇಕು. ಮೊದಲನೆಯದು ಆಟದೊಳಗಿನ ಎರಡೂವರೆ ವರ್ಷಕ್ಕೆ ಮುಗಿಯುತ್ತೆ. ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದ ಎರಡನೆಯದಕ್ಕೆ ಅಂಥ ಗಡುವಿಲ್ಲ. 2018ರಿಂದ ಆನ್‌ಲೈನ್‌ನಲ್ಲಿ ಜೊತೆಯಾಗಿಯೂ ಆಡಬಹುದು. ಊರಲ್ಲಿರುವ ತಮ್ಮನೋ ತಂಗಿಯೋ ಅದೇ ಹೊಲಕ್ಕೆ ನೀರು ಹಾಕಬಹುದು.

ಹಾಗಾದರೆ ಹಳೇದು ಬೇಡವೇ? ಬೇಕು, ‘ಕಾಂಟ್ರಾ’ಗೋಸ್ಕರವಾದರೂ. ಒಂದೇ ಗುಂಡಿಗೆ ಸಾವು, ನಿಜ. ಆದರೆ ನಿಯಮ ವಿವರಿಸುವ ಗೋಜೇ ಇಲ್ಲ: ಓಡು, ಜಿಗಿ, ಹೊಡಿ. ಪಕ್ಕದಲ್ಲಿ ಇನ್ನೊಬ್ಬರು ಕೂತರೆ ಸಾಕು. ನಿಂಟೆಂಡೊ ಆವೃತ್ತಿಯಲ್ಲಿ ಶುರುವಿಗೆ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ, ಸ್ಟಾರ್ಟ್ ಒತ್ತಿದರೆ 30 ಲೈಫ್. ‘ಕಾಂಟ್ರಾ ಆನಿವರ್ಸರಿ ಕಲೆಕ್ಷನ್’ ಸ್ಟೀಮ್‌ನಲ್ಲೇ ಸಿಗುತ್ತೆ, ನಕಲು ಕ್ಯಾಸೆಟ್ ಹುಡುಕಬೇಕಿಲ್ಲ.

ಒಟ್ಟಿನಲ್ಲಿ ನನ್ನ ಸಲಹೆ ಇಷ್ಟು: ಅಸೈನ್‌ಮೆಂಟ್ ನಡುವೆ ಕಾಲು ಗಂಟೆ ಸಿಕ್ಕರೆ ಸೆಲೆಸ್ಟ್, ಗೇಮ್ ಅಭ್ಯಾಸವೇ ಇಲ್ಲದವರಿಗೆ ಸ್ಟಾರ್‌ಡ್ಯೂ, ಭಾನುವಾರ ರೂಮ್‌ಮೇಟ್ ಮನೆಯಲ್ಲಿದ್ದರೆ ಕಾಂಟ್ರಾ. ಎರಡನೇ ಕಂಟ್ರೋಲರ್ ಒಂದು ಕೊಂಡಿಟ್ಟುಕೊಳ್ಳಿ. ಅಜ್ಜಿ ಮನೆಯಲ್ಲಿ ನಮಗೆ ಖುಷಿ ಕೊಟ್ಟಿದ್ದರಲ್ಲಿ ಅರ್ಧ ಆ ಕ್ಯಾಸೆಟ್ ಆದರೆ, ಇನ್ನರ್ಧ ಪಕ್ಕದಲ್ಲಿ ಕೂತು ‘ಈ ಸಲ ನಂದು, ಕೊಡೋ’ ಅಂತ ಜಗಳಕ್ಕೆ ಬರ್ತಿದ್ದವರು.