ಬ್ರೇಕಿನಲ್ಲಿ ಅಡಗಿದ ಗಾಳಿ

ಹೊಸನಗರದ ಕಡೆಯಿಂದ ಹುಲಿಕಲ್ ಘಾಟಿ ಇಳಿಯಬೇಕಾದ ಹಳೆಯ ಲಾರಿಯೊಂದಕ್ಕೆ ಹೊಸ ಮಾಸ್ಟರ್ ಸಿಲಿಂಡರ್ ಹಾಕಿದ್ದಾರೆನ್ನಿ. ಚಕ್ರಗಳಲ್ಲೆಲ್ಲ ಗಾಳಿ ತೆಗೆದರೂ ಪೆಡಲ್ ಮೆತ್ತಗೇ ಇದೆ. ಏಕೆ ಗೊತ್ತೆ? ಪಾಸ್ಕಲನ ನಿಯಮ ಓದಿದ್ದೀರಷ್ಟೆ. ದ್ರವ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಗಾಳಿಯಾದರೋ ತಾನೇ ಕುಗ್ಗುತ್ತದೆ. ಆ ಗಾಳಿ ಬಹುಶಃ ಹೊಸ ಸಿಲಿಂಡರಿನೊಳಗೇ ಉಳಿದಿದೆ. ಲಾರಿಗೆ ಜೋಡಿಸುವ ಮೊದಲೇ ಅದರಲ್ಲಿ ಬ್ರೇಕ್ ಆಯಿಲ್ ತುಂಬಿ, ಹೊರಬರುವ ಆಯಿಲ್ ಕೊಳವೆಯಲ್ಲಿ ಅದರ ಡಬ್ಬಿಗೇ ಮರಳುವಂತೆ ಮಾಡಿ, ಗುಳ್ಳೆ ನಿಲ್ಲುವವರೆಗೆ ಪಿಸ್ಟನ್ನನ್ನು ನಿಧಾನವಾಗಿ ಒತ್ತಬೇಕು. ಅವಸರದಲ್ಲಿ ಬಿಟ್ಟುಹೋಗುವ ಕೆಲಸವೇ ಇದು!

ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಬ್ರೇಕ್ ಆಯಿಲ್ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು. ತೇವ ಸೇರಿದರೆ 140ರ ಸುಮಾರಿಗೇ ಕುದಿಯಬಹುದು. ಇಳಿಜಾರಿನ ಕಾವಿಗೆ ಒಳಗೆ ಆವಿಯೆದ್ದರೆ ಪೆಡಲ್ ನೆಲ ಮುಟ್ಟುತ್ತದೆ, ಲಾರಿ ನಿಲ್ಲುವುದಿಲ್ಲ.