ಜರ್ಮನ್ ಬೇಕರಿ ಪರಿಭಾಷೆ: ಇಂಗ್ಲಿಷಿಗೆ ತರುವಾಗ ತಪ್ಪುವ ಲೆಕ್ಕ

ಬೇಕರಿ ಯಂತ್ರೋಪಕರಣ ಹಾಗೂ ಬೇಕಿಂಗ್ ತಂತ್ರಜ್ಞಾನದಲ್ಲಿ ಜರ್ಮನಿಯು ಜಗತ್ತಿನ ಮುಂಚೂಣಿ ರಾಷ್ಟ್ರಗಳಲ್ಲೊಂದು. ಅಲ್ಲಿನ ಬ್ರೆಡ್ ನೋಂದಣಿ ಪುಸ್ತಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಬಗೆಗಳು ದಾಖಲಾಗಿವೆ. ಆ ದೇಶದ ಯುನೆಸ್ಕೊ ಆಯೋಗವು 2014ರಲ್ಲಿ ಬ್ರೆಡ್ ಸಂಸ್ಕೃತಿಯನ್ನು ತನ್ನ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಅಲ್ಲಿಂದ ಹೊರಡುವ ತಯಾರಿಕಾ ಸೂತ್ರ, ಯಂತ್ರದ ಕೈಪಿಡಿ, ಪದಾರ್ಥಗಳ ಪಟ್ಟಿ ಇವೆಲ್ಲವೂ ನಮ್ಮಂತಹ ಖರೀದಿದಾರರ ಕೈ ಸೇರುವುದು ಸಾಮಾನ್ಯವಾಗಿ ಇಂಗ್ಲಿಷಿನ ಮೂಲಕವೇ. ಈ ಅನುವಾದದಲ್ಲಿ ನುಸುಳಿದ ಒಂದು ಪದದ ತಪ್ಪು ಹಾಳಾದ ಕಣಕವಾಗಿ, ತಿರಸ್ಕೃತ ಸರಕಾಗಿ, ಕೆಲವೊಮ್ಮೆ ಗ್ರಾಹಕರ ಆರೋಗ್ಯಕ್ಕೆ ಅಪಾಯವಾಗಿ ಪರಿಣಮಿಸಬಹುದು. ಆದುದರಿಂದ ಈ ವಿಷಯವು ಆಮದುದಾರರ ಗಮನಕ್ಕೆ ಅರ್ಹವಾಗಿದೆ.

ಒಂದೇ ಉಚ್ಚಾರ, ಬೇರೆ ಪದಾರ್ಥ

ಜರ್ಮನ್ ಬೇಕರಿಯ ‘ಬಿಸ್ಕ್ವಿಟ್’ ನಮ್ಮ ಬಿಸ್ಕತ್ತಲ್ಲ. ಮೊಟ್ಟೆ ಮತ್ತು ಸಕ್ಕರೆಯನ್ನು ನೊರೆಯೇಳುವಂತೆ ಕಡೆದು ಮಾಡುವ ಸ್ಪಂಜ್ ಕೇಕಿಗೆ ಆ ಹೆಸರು. ಬಿಸ್ಕತ್ತಿಗೆ ಅಲ್ಲಿ ‘ಕೇಕ್ಸ್’ ಎನ್ನುತ್ತಾರೆ. ಹ್ಯಾನೋವರ್ ನಗರದ ಬಾಲ್ಸೆನ್ ಕಂಪನಿಯು 1891ರಲ್ಲಿ ತನ್ನ ಬಿಸ್ಕತ್ತಿಗೆ ಇಂಗ್ಲಿಷಿನ ‘ಕೇಕ್ಸ್’ ಪದವನ್ನೇ ಇಟ್ಟಿತು. ಕಾಲಕ್ರಮದಲ್ಲಿ ಅದು ಜರ್ಮನ್ ಕಾಗುಣಿತ ತಳೆದು ಆ ಭಾಷೆಯಲ್ಲಿ ನೆಲೆಯೂರಿತು. ಇದೇ ರೀತಿ ಜರ್ಮನಿಯ ‘ನಾಟ್ರೋನ್’ ಅಡುಗೆ ಸೋಡಾ. ಇಂಗ್ಲಿಷಿನಲ್ಲಿ ಅದೇ ಪದ ಬಟ್ಟೆ ಸೋಡಾ ವರ್ಗದ ಖನಿಜವನ್ನು ಸೂಚಿಸುತ್ತದೆ.

ಯಂತ್ರಗಳ ಕೈಪಿಡಿಯಲ್ಲಿಯೂ ಇಂತಹ ತೊಡಕುಗಳಿವೆ. ‘ಶ್ವಾಡೆನ್’ ಎಂಬ ಪದಕ್ಕೆ ನಿಘಂಟು ಹೊಗೆ ಎಂಬರ್ಥವನ್ನೂ ಕೊಡುತ್ತದೆ. ಬೇಕರಿಯಲ್ಲಾದರೋ ಅದು ಬ್ರೆಡ್ ಒಳಗಿಟ್ಟ ಕೂಡಲೇ ಓವನ್ನಿಗೆ ಹಾಯಿಸುವ ಹಬೆ. ಈ ಹಬೆಯಿಂದ ಮೇಲ್ಪದರ ತಡವಾಗಿ ಗಟ್ಟಿಯಾಗಿ, ಬ್ರೆಡ್ ಚೆನ್ನಾಗಿ ಉಬ್ಬಿ ಹೊಳಪು ಪಡೆಯುತ್ತದೆ. ಹೊಗೆಯೆಂದು ಓದಿದ ಕೆಲಸಗಾರನು ಅದನ್ನು ಹೊರಹಾಕಲು ಮುಂದಾಗುವುದು ಸಹಜವೇ.

ಸಂಖ್ಯೆಗಳ ಹಿಂದಿನ ಅಳತೆ

ಜರ್ಮನಿಯಲ್ಲಿ ಗೋಧಿ ಹಿಟ್ಟನ್ನು 405, 550, 812, 1050 ಎಂಬ ಸಂಖ್ಯೆಗಳಿಂದ ಗುರುತಿಸುತ್ತಾರೆ. ಡಿಐಎನ್ 10355 ಮಾನಕದನ್ವಯ, ತೇವಾಂಶ ಕಳೆದ 100 ಗ್ರಾಂ ಹಿಟ್ಟನ್ನು ಸುಟ್ಟಾಗ ಸುಮಾರು ಎಷ್ಟು ಮಿಲಿಗ್ರಾಂ ಬೂದಿ ಉಳಿಯುವುದೆಂಬುದೇ ಆ ಸಂಖ್ಯೆ. ಸಂಖ್ಯೆ ಏರಿದಂತೆ ಹಿಟ್ಟಿನಲ್ಲಿ ತೌಡಿನ ಅಂಶ ಹೆಚ್ಚು. ಇಂಗ್ಲಿಷಿನ ಕೇಕ್ ಫ್ಲೋರ್, ಬ್ರೆಡ್ ಫ್ಲೋರ್ ಮುಂತಾದ ಹೆಸರುಗಳಾದರೋ ಹಿಟ್ಟಿನ ಉಪಯೋಗವನ್ನೂ ಅದರ ಅಂಟಿನ ಬಲವನ್ನೂ ಹೇಳುತ್ತವೆ. ಎರಡು ಬೇರೆ ಅಳತೆಗೋಲುಗಳ ನಡುವೆ ನೇರ ಅನುವಾದ ಅಸಾಧ್ಯ. ಭಾರತದ ಮಾನಕವು ಮೈದಾದಲ್ಲಿ ಶೇ. 1ರವರೆಗೆ ಬೂದಿಯನ್ನು ಅನುಮತಿಸುವುದರಿಂದ 405, 550, 812 ಮೂರೂ ಬೂದಿಯ ಲೆಕ್ಕದಲ್ಲಿ ‘ಮೈದಾ’ ಎಂಬ ಒಂದೇ ಪದದೊಳಗೆ ಅಡಗಿಬಿಡುತ್ತವೆ.

ಕಣಕದ ನೀರಿನ ಲೆಕ್ಕ ಇದಕ್ಕಿಂತಲೂ ಸೂಕ್ಷ್ಮವಾದುದು. ಜರ್ಮನ್ ಸೂತ್ರಗಳಲ್ಲಿ ‘ಟಿಎ 160’ ಎಂದಿದ್ದರೆ 100 ಕಿಲೋ ಹಿಟ್ಟು ಮತ್ತು 60 ಕಿಲೋ ನೀರು ಸೇರಿ 160 ಕಿಲೋ ಕಣಕವೆಂದು ಅರ್ಥ. ಇಂಗ್ಲಿಷ್ ಪದ್ಧತಿಯಲ್ಲಿ ಇದನ್ನೇ ಶೇ. 60ರಷ್ಟು ನೀರು ಎನ್ನುತ್ತಾರೆ. ಅನುವಾದಕನು 160ನ್ನೇ ನೀರಿನ ಪ್ರಮಾಣವೆಂದು ಬರೆದರೆ ಕಣಕದ ಬದಲು ಗಂಜಿ ಸಿದ್ಧವಾದೀತು. ‘ಒಂದು ಪೊಟ್ಟಣ ಬೇಕಿಂಗ್ ಪೌಡರ್’ ಎಂಬುದೂ ಅಳತೆಯೇ. ಬೀಲೆಫೆಲ್ಡ್ ನಗರದ ಔಷಧ ವ್ಯಾಪಾರಿ ಆಗಸ್ಟ್ ಓಟ್ಕರ್ 1890ರ ದಶಕದಲ್ಲಿ ಅರ್ಧ ಕಿಲೋ ಹಿಟ್ಟಿಗೆ ಸಾಕಾಗುವಂತೆ ತೂಗಿದ ಪೊಟ್ಟಣಗಳನ್ನು ಜನಪ್ರಿಯಗೊಳಿಸಿದನು. ಇಂದಿಗೂ ಅಲ್ಲಿ ಒಂದು ಪೊಟ್ಟಣವೆಂದರೆ ಸುಮಾರು 15 ಗ್ರಾಂ. ನಮ್ಮ ಅಂಗಡಿಯ ಪೊಟ್ಟಣಕ್ಕೆ ಈ ಲೆಕ್ಕ ಅನ್ವಯಿಸದು.

ಹೆಸರಿನಲ್ಲಡಗಿದ ಕಾನೂನು

ಜರ್ಮನಿಯ ಆಹಾರ ಮಾರ್ಗಸೂಚಿಯಂತೆ ‘ರೊಗ್ಗೆನ್‌ಬ್ರೋಟ್’ ಎನ್ನಿಸಿಕೊಳ್ಳಲು ಹಿಟ್ಟಿನಲ್ಲಿ ಕನಿಷ್ಠ ಶೇ. 90ರಷ್ಟು ರೈ ಧಾನ್ಯವಿರಬೇಕು. ‘ರೊಗ್ಗೆನ್‌ಮಿಶ್‌ಬ್ರೋಟ್’ ಆದರೆ ಶೇ. 50ಕ್ಕಿಂತ ಹೆಚ್ಚು, 90ಕ್ಕಿಂತ ಕಡಿಮೆ. ಎರಡನ್ನೂ ‘ರೈ ಬ್ರೆಡ್’ ಎಂದು ಅನುವಾದಿಸಿದರೆ ಖರೀದಿ ಕರಾರಿನಲ್ಲಿದ್ದ ವ್ಯತ್ಯಾಸವೇ ಅಳಿಸಿಹೋಗುತ್ತದೆ.

‘ಗ್ರ್ಯೂನ್‌ಕೆರ್ನ್’ ಪದದ ಅಕ್ಷರಶಃ ಅರ್ಥ ಹಸಿರು ಕಾಳು. ವಾಸ್ತವವಾಗಿ ಅದು ಎಳೆಯದಾಗಿ ಕೊಯ್ದು ಒಣಗಿಸಿದ ‘ಡಿಂಕೆಲ್’, ಅರ್ಥಾತ್ ಗೋಧಿಯದೇ ಒಂದು ಪ್ರಭೇದ. ಯುರೋಪಿಯನ್ ಒಕ್ಕೂಟದ 1169/2011ನೇ ನಿಯಮಾವಳಿಯಂತೆಯೂ, ಭಾರತದ 2020ರ ಲೇಬಲ್ ನಿಯಮಗಳಂತೆಯೂ ಇದನ್ನು ಅಲರ್ಜಿಕಾರಕ ಗ್ಲುಟನ್ ಧಾನ್ಯವೆಂದು ಘೋಷಿಸಬೇಕು. ಹಸಿರು ಕಾಳೆಂದು ಮಾತ್ರ ಬರೆದರೆ ಗೋಧಿ ಒಗ್ಗದ ಗ್ರಾಹಕನಿಗೆ ಎಚ್ಚರಿಕೆಯೇ ತಲುಪದು. ಇದಕ್ಕೆ ವಿರುದ್ಧವಾದ ಉದಾಹರಣೆ ‘ಹಿರ್ಷ್‌ಹಾರ್ನ್‌ಸಾಲ್ಟ್ಸ್’, ಅಂದರೆ ಜಿಂಕೆ ಕೊಂಬಿನ ಉಪ್ಪು. ಹಿಂದೆ ಅದನ್ನು ಕೊಂಬಿನಿಂದಲೇ ಪಡೆಯುತ್ತಿದ್ದರು. ಇಂದು ರಾಸಾಯನಿಕವಾಗಿ ತಯಾರಾಗುವ ಅಮೋನಿಯಂ ಬೈಕಾರ್ಬೊನೇಟ್ ಈ ಹೆಸರಿನಲ್ಲಿ ಬಳಕೆಯಲ್ಲಿದೆ. ನಮ್ಮ ಬಿಸ್ಕತ್ತು ಕಾರ್ಖಾನೆಗಳಿಗೂ ಅದು ಪರಿಚಿತವೇ. ಅಕ್ಷರಶಃ ಅನುವಾದವು ಸಸ್ಯಾಹಾರದ ಹಸಿರು ಗುರುತಿನ ಬಗ್ಗೆ ವೃಥಾ ಶಂಕೆ ಹುಟ್ಟಿಸುತ್ತದೆ. ಐಎನ್‌ಎಸ್ 503 ಎಂಬ ಅಂತಾರಾಷ್ಟ್ರೀಯ ಸಂಖ್ಯೆ ಅದನ್ನು ನಿವಾರಿಸುತ್ತದೆ.

ಇಂಗ್ಲಿಷೂ ಒಂದೇ ಅಲ್ಲ

‘ಕಾರ್ನ್‌ಫ್ಲೋರ್’ ಎಂದರೆ ಬ್ರಿಟನ್ನಿನಲ್ಲಿಯೂ ನಮ್ಮಲ್ಲಿಯೂ ಮೆಕ್ಕೆಜೋಳದ ಪಿಷ್ಟ. ಅಮೆರಿಕದಲ್ಲಿ ಮೆಕ್ಕೆಜೋಳದ ಹಿಟ್ಟು. ಜರ್ಮನಿಯ ‘ಕ್ವಾರ್ಕ್’ ಒಂದು ಬಗೆಯ ಮೃದುವಾದ ಹಸಿ ಚೀಸ್. ಬ್ರಿಟಿಷರು ಇದನ್ನು ‘ಕರ್ಡ್ ಚೀಸ್’ ಎನ್ನುವುದುಂಟು. ನಮ್ಮಲ್ಲಿ ‘ಕರ್ಡ್’ ಎಂದರೆ ಮೊಸರು. ಆ ಮೊಸರನ್ನೇ ಸುರಿದರೆ ಚೀಸ್ ಕೇಕ್ ಗಟ್ಟಿಯಾಗಿ ನಿಲ್ಲದು.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಪದಕ್ಕೆ ಪದ ಹುಡುಕುವುದರ ಬದಲು, ವಸ್ತುವು ಮಾಡುವ ಕೆಲಸವನ್ನೂ ಅದರ ಅಳತೆಯನ್ನೂ ಕೇಳಿ ಪಡೆಯುವುದೇ ಸುರಕ್ಷಿತ ಮಾರ್ಗ. ಇಂಗ್ಲಿಷ್ ಪ್ರತಿಯೊಂದಿಗೆ ಮೂಲ ಜರ್ಮನ್ ಪಟ್ಟಿಯನ್ನೂ ತರಿಸಿಕೊಳ್ಳಬೇಕು. ಹಿಟ್ಟಿಗೆ ಬೂದಿ ಮತ್ತು ಪ್ರೋಟೀನಿನ ಪ್ರಮಾಣ, ಕಣಕಕ್ಕೆ ಹಿಟ್ಟು ಮತ್ತು ನೀರಿನ ತೂಕ, ಪೊಟ್ಟಣಕ್ಕೆ ಗ್ರಾಂ, ಸಂಯೋಜಕಗಳಿಗೆ ಐಎನ್‌ಎಸ್ ಸಂಖ್ಯೆ ನಮೂದಾಗಿರಲಿ. ಬಳಸಿರುವುದು ಬ್ರಿಟಿಷ್ ಇಂಗ್ಲಿಷೋ ಅಮೆರಿಕನ್ ಇಂಗ್ಲಿಷೋ, ವಿವಾದ ಬಂದಲ್ಲಿ ಯಾವ ಭಾಷೆಯ ಪ್ರತಿ ಊರ್ಜಿತ ಎಂಬುದನ್ನು ಕರಾರಿನಲ್ಲಿಯೇ ಸ್ಪಷ್ಟಪಡಿಸುವುದು ಒಳಿತು. ಸಹಿ ಹಾಕುವ ಮುನ್ನ ಅನುವಾದವನ್ನು ಅನುಭವಿ ಬೇಕರಿ ಕೆಲಸಗಾರರೊಬ್ಬರಿಗೆ ಓದಿಸಿ, ಸಣ್ಣ ಪ್ರಮಾಣದಲ್ಲಿ ಒಮ್ಮೆ ತಯಾರಿಸಿ ನೋಡಬೇಕು. ತಿರಸ್ಕೃತವಾದ ಒಂದು ಕಂಟೇನರ್ ಸರಕಿನ ನಷ್ಟದ ಮುಂದೆ ಈ ವೆಚ್ಚ ಅತ್ಯಲ್ಪ.